ಹೂಂ ಅಂದವನು

ಇಲ್ಲ ಎನ್ನಬೇಕೆಂದೇ ಫೋನೆತ್ತಿದ ಕಾನ್ರಾಡ್ ಹುಡಾಕ್, ಹೂಂ ಎಂದು ಇಟ್ಟ.

ಇಟ್ಟ ಮೇಲೆ ಅಡುಗೆಮನೆಯಲ್ಲಿ ಒಬ್ಬನೇ ನಕ್ಕ. ಅರ್ಧ ಮುಖಕ್ಕೆ ಸೋಪಿನ ನೊರೆ ಹಾಗೇ ಇತ್ತು. ನಕ್ಕಿದ್ದಕ್ಕೆ ಕಾರಣ ಹುಡುಕಿದ, ಸಿಗಲಿಲ್ಲ. ಎದೆ ಮಾತ್ರ, ಹಿಮ ಬಿದ್ದು ಶಾಲೆಗೆ ರಜೆ ಎಂದು ರೇಡಿಯೋದಲ್ಲಿ ಕೇಳಿದ ಹುಡುಗನ ಎದೆಯಂತೆ ಹಗುರವಾಗಿತ್ತು.

ಫೋನು ಮಾಡಿದವಳು ಬ್ರೂಕ್ ಲಾಟಿಮರ್, ವಾಷಿಂಗ್ಟನ್ನಿನಲ್ಲಿ ಪಕ್ಷದ ಕೇಂದ್ರ ಕಚೇರಿಯವಳು. ಪೆನ್ಸಿಲ್ವೇನಿಯಾದ ಈ ಕಲ್ಲಿದ್ದಲ ಗುಡ್ಡಗಳಿಂದ ಸಂಸತ್ತಿಗೆ ಪಕ್ಷದ ಹುರಿಯಾಳು ಯಾರಾಗಬೇಕೆಂದು ಪಕ್ಷದವರೇ ಓಟು ಹಾಕಿ ತೀರ್ಮಾನಿಸುವ ಪ್ರೈಮರಿ ಮೇ ತಿಂಗಳಲ್ಲಿತ್ತು. ಊರಿನ ಕಾರ್ಯಕರ್ತರು ಕಾನ್ರಾಡನನ್ನು ನಿಲ್ಲಿಸಿದ್ದರು. ವಾಷಿಂಗ್ಟನ್ನಿಗೆ ಬೇಕಾಗಿದ್ದವನು ಸ್ಯೂವೆಲ್. ವಾಯುಪಡೆಯಲ್ಲಿ ವಿಮಾನ ಓಡಿಸಿದವನು, ಫೋಟೋಗೆ ಹೇಳಿ ಮಾಡಿಸಿದ ದವಡೆ. ಪ್ರೊಫೆಸರ್ ಹುಡಾಕರ ಮೇಲೆ ಎಲ್ಲರಿಗೂ ತುಂಬ ಗೌರವವಿದೆ, ಆದ್ದರಿಂದ ಅವರು ಹಿಂದೆ ಸರಿದರೆ ಚೆಂದ ಎಂದು ಬ್ರೂಕ್ ಹೇಳಿದಳು. ಸಂಜೆ ಅಗ್ನಿಶಾಮಕ ಠಾಣೆಯ ಹಾಲಿನಲ್ಲಿ ಪಕ್ಷದ ಊಟವಿದೆಯಲ್ಲ, ಅಲ್ಲಿ ಅವರೇ ಬಾಯಿಬಿಟ್ಟು ಹೇಳಿದರೆ ಇನ್ನೂ ಚೆಂದ. ತಾನೂ ಬರುತ್ತೇನೆ ಎಂದಳು.

"ನಿಮಗೂ ನಿರಾಳ ಅಲ್ವಾ ಸರ್?" ಎಂದಿದ್ದಳು ಕೊನೆಗೆ.

ನಿರಾಳವೇ. ಅವಳಿಗೆ ಹೇಗೆ ಗೊತ್ತಾಯಿತು?

ಉಳಿದ ಅರ್ಧ ಗಡ್ಡ ಹೆರೆದುಕೊಳ್ಳುತ್ತ ಸಿಳ್ಳೆ ಹಾಕಿದ. ಅವನು ಕಾಲೇಜಿನಲ್ಲಿ ಪುರಾತನ ಗ್ರೀಸಿನ ಚರಿತ್ರೆ ಕಲಿಸುತ್ತಿದ್ದ. ಅಥೆನ್ಸಿನವರು ತಮ್ಮ ಅಧಿಕಾರಿಗಳನ್ನು ಚೀಟಿ ಎತ್ತಿದ ಹಾಗೆ ಅದೃಷ್ಟಕ್ಕೆ ಬಿಟ್ಟು ಆರಿಸುತ್ತಿದ್ದರು ಎಂಬ ಪಾಠಕ್ಕೆ ಬಂದಾಗ ಹುಡುಗರು ನಗುತ್ತಿದ್ದರು. ಕಾನ್ರಾಡ್ ನಗುತ್ತಿರಲಿಲ್ಲ. ಅವನಿಗೆ ಅದು ಬಲು ಮರ್ಯಾದೆಯ ಪದ್ಧತಿಯಾಗಿ ಕಾಣುತ್ತಿತ್ತು.

ಹೊರಗೆ ಟ್ರಕ್ಕಿನ ಹಾರ್ನು ಕೇಳಿಸಿತು. ಓಪಲ್ ಯಾನಿಕ್ ಬಂದಿದ್ದಳು. ಮನೆಮನೆಗೆ ಹೋಗುವ ದಿನ ಎಂಬುದನ್ನೇ ಅವನು ಮರೆತಿದ್ದ.

ಓಪಲ್ ಊರಿನ ಆಸ್ಪತ್ರೆಯ ಹೆರಿಗೆ ವಾರ್ಡಿನಲ್ಲಿ ಜೀವಮಾನವೆಲ್ಲ ದುಡಿದ ನರ್ಸು. ಲಾಭವಿಲ್ಲವೆಂದು ಮಾಲೀಕರು ವಾರ್ಡು ಮುಚ್ಚಿದ ಚಳಿಗಾಲದಲ್ಲಿ ಒಂದು ಮಗು ಹೆದ್ದಾರಿಯ ಪಕ್ಕ, ಕಾರಿನ ಹಿಂದಿನ ಸೀಟಿನಲ್ಲಿ ಹುಟ್ಟಿತು. ಉಳಿಯಲಿಲ್ಲ. ಆವತ್ತಿನಿಂದ ಓಪಲ್ ಊರೂರು ಸುತ್ತಿ ಬಾಗಿಲು ಬಡಿಯುತ್ತಿದ್ದಳು. ಸ್ಯೂವೆಲ್ ವಾರ್ಡಿನ ಮಾತನ್ನೇ ಎತ್ತುವವನಲ್ಲ. ಎತ್ತುವವನೊಬ್ಬ ಬೇಕೆಂದು ಅವಳ ಗುಂಪು ಕಾನ್ರಾಡನನ್ನು ಹಿಡಿದಿತ್ತು.

ಟ್ರಕ್ಕು ಏರು ಹತ್ತುವಾಗ ಹೇಳಿಬಿಡೋಣ ಎಂದುಕೊಂಡ. ಏರು ಮುಗಿಯಿತು. ಇಳಿಯುವಾಗ ಹೇಳೋಣ ಎಂದುಕೊಂಡ. ಇಳಿಜಾರಿನಲ್ಲಿ ಓಪಲ್ ತನ್ನ ಮೊಣಕಾಲು ನೋವಿನ ಬಗ್ಗೆ ಹೇಳಿದಳು. ಅವನು ಬಹಳ ಆಸಕ್ತಿಯಿಂದ ಕೇಳಿದ.

ಆಮೇಲೆ ಬಾಗಿಲುಗಳು. ಪ್ರತಿ ಬಾಗಿಲೂ ತೆರೆಯಿತು, ಪ್ರತಿಯೊಬ್ಬರೂ ಕೈಹಿಡಿದರು. ಗಣಿಯ ಧೂಳಿಗೆ ಶ್ವಾಸಕೋಶ ಕೊಟ್ಟ ಮುದುಕನೊಬ್ಬ ಮೂಗಿನ ಆಮ್ಲಜನಕದ ನಳಿಕೆ ತೆಗೆದು, ನಿನಗೇ ಓಟು ಎಂದು, ಮತ್ತೆ ನಳಿಕೆ ಸಿಕ್ಕಿಸಿಕೊಂಡ. ಅವನ ಹೆಂಡತಿ ಅಕ್ರೋಟು ತುಂಬಿದ ಸಿಹಿರೊಟ್ಟಿಯೊಂದನ್ನು ಕಾನ್ರಾಡನ ಕಂಕುಳಿಗೆ ತುರುಕಿದಳು. ನಾಲ್ಕು ಮನೆ ದಾಟುವಷ್ಟರಲ್ಲಿ ಅವನ ಕಿವಿ ಬಿಸಿಯಾಗಿ, ಕಾಲು ನೆಲದ ಮೇಲೆ ನಿಲ್ಲದಾಯಿತು. ಜನ ತನ್ನನ್ನು ಪ್ರೀತಿಸುತ್ತಿದ್ದಾರೆ. ತಾನು ಸರಿಯುವುದು ಅವರಿಗೆ ಗೊತ್ತಿಲ್ಲ. ಗೊತ್ತಿಲ್ಲದ್ದರಿಂದಲೇ ಆ ಪ್ರೀತಿ ಇನ್ನೂ ರುಚಿಯಾಗಿತ್ತು.

ಕೊನೆಯ ಮನೆಯಲ್ಲಿ ಬಾಗಿಲು ತೆಗೆದವಳು ಬಸುರಿ. ಹೊಟ್ಟೆಯ ಮೇಲೆ ಒಂದು ಕೈ ಇಟ್ಟುಕೊಂಡು, ಇನ್ನೊಂದರಲ್ಲಿ ಬಾಗಿಲು ಹಿಡಿದೇ ಕೇಳಿದಳು:

"ನೀವು ಗೆದ್ರೆ ವಾರ್ಡು ತೆಗೀತಾರಾ?"

"ಹೂಂ."

"ನಿಂತೇ ನಿಲ್ತೀರಲ್ಲ? ಕೊನೇ ಗಳಿಗೇಲಿ ಜಾರ್ಕೊಳ್ಳೋರನ್ನ ಬೇಕಾದಷ್ಟು ನೋಡಿದೀನಿ."

"ನಿಂತೇ ನಿಲ್ತೀನಿ" ಎಂದ ಕಾನ್ರಾಡ್. ಹೇಳಿದ ಕ್ಷಣಕ್ಕೆ ಅದು ನಿಜವೇ ಆಗಿತ್ತು. ಮೆಟ್ಟಿಲನ್ನು ಎರಡೆರಡಾಗಿ ಹಾರುತ್ತ ಇಳಿದ.

"ಮೇಷ್ಟ್ರೇ, ಕುಡಿದಿದೀರಾ?" ಎಂದಳು ಓಪಲ್.

"ಇಲ್ಲ. ಯಾಕೋ ಖುಷಿ."

"ಖುಷಿ ಪಡೋ ಕೆಲಸ ಅಲ್ಲ ಇದು."

ಅದಕ್ಕೂ ಅವನು ನಕ್ಕ.

ಮನೆಗೆ ಬಂದು ಕೋಟು ಬಿಚ್ಚುವಷ್ಟರಲ್ಲಿ ಮತ್ತೆ ಬ್ರೂಕ್‌ಳ ಫೋನು. ಈ ಸಲ ದನಿಯಲ್ಲಿ ಬೆಣ್ಣೆಯಿರಲಿಲ್ಲ, ಓಟವಿತ್ತು. ಸ್ಯೂವೆಲ್‌ನ ಆಟ ಮುಗಿದಿತ್ತು. ದೊಡ್ಡವರ ಮನೆಯ ಔತಣದಲ್ಲಿ ಅವನಾಡಿದ ಮಾತನ್ನು ಯಾರೋ ಗುಟ್ಟಾಗಿ ಚಿತ್ರೀಕರಿಸಿ ಊರಿಗೆಲ್ಲ ಹಂಚಿದ್ದರು. ಈ ಗುಡ್ಡದ ಜನಕ್ಕೆ ಓಟು ಹಾಕುವುದಕ್ಕಿಂತ ಮೊದಲು ಹಲ್ಲುಜ್ಜುವುದನ್ನು ಕಲಿಸಬೇಕು ಎಂದಿದ್ದನಂತೆ.

"ಬೆಳಿಗ್ಗೆ ನಾವು ಮಾತೇ ಆಡಿಲ್ಲ ಅಂದ್ಕೊಳ್ಳಿ ಸರ್. ಈಗ ನೀವೇ ನಮ್ಮೋರು. ಇಡೀ ವಾಷಿಂಗ್ಟನ್ ನಿಮ್ಮ ಬೆನ್ನಿಗಿದೆ."

ಒಂದೇ ಒಂದು ಸಣ್ಣ ವಿಷಯವಿತ್ತು. ಆ ವಾರ್ಡಿನ ಮಾತನ್ನು ಕೊಂಚ ತೆಳು ಮಾಡಬೇಕು. ಆಸ್ಪತ್ರೆಗಳ ಮಾಲೀಕರಲ್ಲಿ ಪಕ್ಷದ ಹಿತೈಷಿಗಳಿದ್ದಾರೆ. ಬಿಡಬೇಕೆಂದಲ್ಲ, ತೆಳು, ಅಷ್ಟೇ.

"ಹೂಂ" ಎಂದ ಕಾನ್ರಾಡ್.

ಫೋನಿಟ್ಟು, ಕಣ್ಣಲ್ಲಿ ನೀರು ಬರುವಷ್ಟು ನಕ್ಕ. ಎಲ್ಲರಿಗೂ ಅವನೇ ಬೇಕು. ಬೆಳಿಗ್ಗೆ ಬೇಡವಾದವನು ಸಂಜೆಗೆ ಎರಡು ಕಡೆಯವರಿಗೂ ಬೇಕು. ನಡುವೆ ಅವನು ಮಾಡಿದ್ದೆಂದರೆ ಗಡ್ಡ ಹೆರೆದುಕೊಂಡದ್ದು. ತನ್ನೊಳಗೆ ಎಲ್ಲಾದರೂ ಒಂದು ತಕರಾರು ಇದೆಯೇ ಎಂದು ತಡಕಿ ನೋಡಿದ. ಬಾಡಿಗೆಗೆ ಖಾಲಿ ಮಾಡಿಕೊಟ್ಟ ಮನೆಯ ಹಾಗೆ ಕೋಣೆಗಳೆಲ್ಲ ಗುಡಿಸಿ ಸ್ವಚ್ಛವಾಗಿದ್ದವು. ನಿಂತಲ್ಲೇ ಸಿಹಿರೊಟ್ಟಿಯನ್ನು ಮುರಿಮುರಿದು ಅಷ್ಟನ್ನೂ ತಿಂದುಬಿಟ್ಟ.

ಸಂಜೆ ಅಗ್ನಿಶಾಮಕ ಠಾಣೆಯ ಕೆಂಪು ವಾಹನಗಳನ್ನು ಹೊರಗೆ ನಿಲ್ಲಿಸಿ ಹಾಲಿನೊಳಗೆ ಮೇಜು ಹಾಕಿದ್ದರು. ಬೆಣ್ಣೆಯಲ್ಲಿ ಹುರಿದ ಈರುಳ್ಳಿಯ ವಾಸನೆ. ಮೂಲೆಯಲ್ಲಿ ಸ್ಟಾಷ್ ಎಂಬ ಮುದುಕ ಮಡಿಲಲ್ಲಿ ಅಕಾರ್ಡಿಯನ್ ವಾದ್ಯ ಇಟ್ಟುಕೊಂಡು ಕೂತಿದ್ದ. ಕಾನ್ರಾಡ್ ಎರಡೂ ಕೈ ಚಾಚಿಕೊಂಡೇ ಒಳಗೆ ಬಂದ.

ಕೈಗಳು ಸಿಗಲಿಲ್ಲ. ಮಧ್ಯಾಹ್ನ ಹಿಡಿದವರೆಲ್ಲ ಈಗ ಜೇಬಿನಲ್ಲಿಟ್ಟುಕೊಂಡಿದ್ದರು. ಹುಡಾಕ್ ನಮ್ಮ ಆಯ್ಕೆ ಎಂದು ವಾಷಿಂಗ್ಟನ್ ಆಗಲೇ ಜಗತ್ತಿಗೆ ಸಾರಿತ್ತು; ಸುದ್ದಿ ಎಲ್ಲರ ಫೋನಿಗೂ ಬಂದಿತ್ತು. ಅವರು ಆರಿಸಿದವನು ನಮ್ಮವನಾಗಿರುವುದು ಹೇಗೆ ಎಂದು ಯಾರೋ ಅವನಿಗೆ ಕೇಳಿಸುವಂತೆಯೇ ಅಂದರು.

ಓಪಲ್ ಆಲೂಗಡ್ಡೆ ತುಂಬಿದ ಪಿರೋಗಿ ಕಡುಬುಗಳನ್ನು ಬಡಿಸುತ್ತಿದ್ದಳು. ಅವನ ತಟ್ಟೆಗೂ ಬಡಿಸಿದಳು.

"ಬೆಳಿಗ್ಗೆ ಆ ವಾಷಿಂಗ್ಟನ್ ಹುಡುಗಿ ನಿಮಗೆ ಫೋನು ಮಾಡಿದ್ಲಂತೆ. ಅವಳಿಗೆ ಏನಂದ್ರಿ?"

"ಸರೀತೀನಿ ಅಂದೆ."

"ಮಧ್ಯಾಹ್ನ ಬಸುರಿ ಹೆಂಗಸಿಗೆ ನಿಲ್ತೀನಿ ಅಂದ್ರಿ. ಆಮೇಲೆ?"

"ಅವರೂ ನಿಲ್ಲಿ ಅಂದ್ರು. ಈಗ ಎಲ್ಲಾ ಸರಿಹೋಯ್ತಲ್ಲ, ಓಪಲ್?"

ಅವಳು ಅವನನ್ನು ಸಿಟ್ಟಿಲ್ಲದೆ ನೋಡಿದಳು. ಹೆರಿಗೆ ಕೋಣೆಯಲ್ಲಿ ಎಷ್ಟೋ ಗಂಡಂದಿರನ್ನು ಹೀಗೇ ನೋಡಿರಬೇಕು.

"ನಿಮ್ಮನ್ನ ಯಾಕೆ ನಿಲ್ಲಿಸಿದ್ವಿ ಗೊತ್ತಾ ಮೇಷ್ಟ್ರೇ? ಬೇರೆ ಯಾರ ಹೆಸರೆತ್ತಿದ್ರೂ ನಮ್ಮೊಳಗೇ ಜಗಳ ಆಗೋದು. ನಿಮ್ಮ ಹೆಸರಿಗೆ ಯಾರೂ ಬೇಡ ಅನ್ಲಿಲ್ಲ. ಬೇಕು ಅಂತಾನೂ ಅನ್ಲಿಲ್ಲ."

ಕಾನ್ರಾಡ್ ಪಿರೋಗಿ ಬಾಯಿಗಿಟ್ಟುಕೊಂಡ. ಬಿಸಿಯಿತ್ತು. ಉಗುಳಲಾಗಲಿಲ್ಲ.

"ಹೋಗಿ, ಆ ಮೈಕಲ್ಲಿ ನಿಮಗೇನು ಬೇಕೋ ಅದನ್ನ ಹೇಳಿ" ಎಂದಳು ಓಪಲ್. "ವಾರ್ಡಿನ ಬಗ್ಗೆ ಒಂದು ಗಟ್ಟಿ ಮಾತು ಬಂದ್ರೆ ನಾನು ನಿಮ್ಮ ಜೊತೆ. ಬರದೇ ಇದ್ರೆ ನಾಳೆ ನಾನೇ ಹೆಸರು ಕೊಟ್ಟು ನಿಲ್ತೀನಿ, ಸೋಲ್ತೀನಿ ಅಂತ ಗೊತ್ತಿದ್ರೂ."

ಹಾಲಿನ ಆ ಬದಿಯಲ್ಲಿ ಬಿಳಿ ಕೋಟಿನ ಬ್ರೂಕ್ ಅವನತ್ತ ಹೆಬ್ಬೆರಳು ಎತ್ತಿ ನಗುತ್ತಿದ್ದಳು. ನೋಡಿದರೆ ಇನ್ನೂ ಕಾಲೇಜು ಬಿಟ್ಟಿರದ ಮುಖ.

ಕಾನ್ರಾಡ್ ಮೈಕಿನ ಕಡೆ ನಡೆದ. ವಿಚಿತ್ರವೆಂದರೆ, ಆಗಲೂ ಖುಷಿ ಇಳಿದಿರಲಿಲ್ಲ. ಮೈಯೆಲ್ಲ ಗಾಳಿ ತುಂಬಿದಂತೆ ತೇಲುತ್ತ ಹೋದ. ಹೇಳಬೇಕಾದ್ದು ಅಲ್ಲಿಗೆ ತಲುಪಿದ ಮೇಲೆ ತಾನಾಗಿ ಬರುತ್ತದೆ. ವಾರ್ಡು ಎಂದರೆ ವಾರ್ಡು. ತೆಳು ಎಂದರೆ ತೆಳು. ಬೇಡ ಎಂದರೂ ಆಯಿತು.

ಬಾಯಿ ತೆರೆದ.

ಗೋಡೆಯ ಮೇಲಿನ ಧ್ವನಿವರ್ಧಕಗಳಲ್ಲಿ ಅವನದೇ ಉಸಿರು ದೊಡ್ಡದಾಗಿ ಕೇಳಿಸಿತು. ಒಳಗೆ ಹೋಯಿತು, ಹೊರಗೆ ಬಂತು. ಜನ ಕಾದರು. ಅವನೂ ಅವರಷ್ಟೇ ಕುತೂಹಲದಿಂದ ಕಾದ. ಮತ್ತೆ ಉಸಿರು ಒಳಗೆ ಹೋಯಿತು, ಹೊರಗೆ ಬಂತು.

ಭಾವ ಉಕ್ಕಿ ಮಾತು ನಿಂತಿದೆಯೆಂದು ತಿಳಿದು ಯಾರೋ ಚಪ್ಪಾಳೆ ತಟ್ಟಿದರು. ಬ್ರೂಕ್ ಮತ್ತು ಅವಳ ಜೊತೆ ಬಂದಿದ್ದ ವಾಷಿಂಗ್ಟನ್ನಿನವರು, ತಮ್ಮ ಪರ ಆಯಿತೆಂದುಕೊಂಡು ತಟ್ಟಿದರು. ಊರಿನವರಲ್ಲಿ ಕೆಲವರು, ವಾಷಿಂಗ್ಟನ್ನಿಗೆ ಸೊಪ್ಪು ಹಾಕಲಿಲ್ಲವೆಂದುಕೊಂಡು ತಟ್ಟಿದರು. ಭಾಷಣ ಮುಗಿಯಿತೆಂದು ಸ್ಟಾಷ್ ಅಕಾರ್ಡಿಯನ್ ಎಳೆದು ಪೋಲ್ಕಾ ಕುಣಿತದ ರಾಗ ಶುರುಮಾಡಿದ.

ಕುರ್ಚಿಗಳು ಸರಿದವು. ಚೆನ್ನಾಗಿ ನಿಭಾಯಿಸಿದಿರಿ ಎನ್ನುತ್ತ ಬ್ರೂಕ್ ಅವನ ಕೈ ಹಿಡಿದು ಕುಣಿತಕ್ಕೆ ಎಳೆದಳು. ಸುತ್ತಿದ. ಕೈ ಬದಲಾಯಿತು, ಗಣಿ ಮುದುಕನ ಹೆಂಡತಿ ಹಿಡಿದಳು. ಸುತ್ತಿದ. ದೀಪ, ಗೋಡೆ, ಬಿಳಿ ಕೋಟು, ದೀಪ. ಒಂದು ಸುತ್ತಿನಲ್ಲಿ ಓಪಲ್ ಸೌಟು ಹಿಡಿದು ನಿಂತಿದ್ದಳು. ಮುಂದಿನ ಸುತ್ತಿನಲ್ಲಿ ಸೌಟು ಮಾತ್ರ ಇತ್ತು. ಅದರ ಮುಂದಿನದರಲ್ಲಿ ಬಾಗಿಲು ತೆರೆದುಕೊಂಡಿತ್ತು, ಆಚೆ ಹಿಮ ಬೀಳುತ್ತಿತ್ತು. ಕಾನ್ರಾಡ್ ನಗುತ್ತಲೇ ಇದ್ದ. ನಿಲ್ಲಿಸುವುದು ಹೇಗೆಂದು ತಿಳಿಯಲಿಲ್ಲ.

ಯಾರದೋ ಕಾಲಿಗೆ ತಂತಿ ಸಿಕ್ಕಿ ಮೈಕು ನೆಲಕ್ಕುರುಳಿತು. ಆರಿಸುವವರಿರಲಿಲ್ಲ. ಬಿದ್ದಲ್ಲಿಂದಲೇ ಅದು ಕೇಳಿಸಿಕೊಳ್ಳತೊಡಗಿತು. ನಾಲ್ಕು ಗೋಡೆಗಳಿಂದಲೂ ಕಾಲುಗಳ ಸಪ್ಪಳ, ಒಂದು ದೊಡ್ಡ ಮಂದೆ ಕತ್ತಲಲ್ಲಿ ಎಲ್ಲಿಗೋ ಓಡುತ್ತಿರುವ ಹಾಗೆ ಧಡಧಡನೆ ಬಂದು ಹಾಲನ್ನು ತುಂಬಿತು. ಸುತ್ತುತ್ತ ಸುತ್ತುತ್ತ ಕಾನ್ರಾಡ್, ಅದರಲ್ಲಿ ತನ್ನ ಹೆಜ್ಜೆ ಯಾವುದೆಂದು ಕಿವಿಗೊಟ್ಟು ಹುಡುಕತೊಡಗಿದ.