ಏಳನೆಯ ತೊಳೆತ

ನಾನು ಒಂದು ಅಲ್ಯೂಮಿನಿಯಂ ಬೋಗುಣಿ. ಮಂಗಳೂರಿನ ಒಂದು ಶೆಡ್ಡಿನಲ್ಲಿ ಚಪ್ಪಟೆ ತಗಡಾಗಿದ್ದ ನನ್ನನ್ನು ಯಂತ್ರ ಒತ್ತಿ, ಗುಂಡಗೆ ಮಾಡಿ, ಅಂಚು ಮಡಚಿತು. ಕೆಲವು ತಿಂಗಳು ಅಂಗಡಿಯಲ್ಲಿ ನೇತಾಡಿದೆ. ಆಮೇಲೆ ಮದುವೆಯ ಪಾತ್ರೆಗಳ ಜೊತೆ ಮದುಮಗಳು ರಂಸೀನಾಳ ಹಿಂದೆ ಉಳ್ಳಾಲದ ಅವಳ ಗಂಡನ ಮನೆಗೆ ಬಂದೆ. ಪತ್ತಿರಿ ಎಂಬ ತೆಳು ರೊಟ್ಟಿಗೆ ಅಕ್ಕಿಹಿಟ್ಟು ಕಲಸುವುದು ನನ್ನಲ್ಲೇ.

ಅವಳ ಅತ್ತೆ ಹಲೀಮಮ್ಮನಿಗೆ ಎಲ್ಲದರ ಮೇಲೂ ಅನುಮಾನ. ಚಾಪೆ ತಣ್ಣಗಿದ್ದರೆ ಮಗು ಉಚ್ಚೆ ಹೊಯ್ದಿರಬೇಕು. ತಾವು ನಮಾಝಿಗೆ ನಿಂತರೂ ಮೂರು ಸಲ ಹಿಂದೆ ಹೋಗಿ ಮತ್ತೆ ಕೈಕಾಲು ತೊಳೆದು ಬರುವರು.

ಒಂದು ದಿನ ರಂಸೀನಾ ನನ್ನನ್ನು ತೊಳೆದು ಹಿತ್ತಿಲ ಕಟ್ಟೆಯ ಮೇಲೆ ಒಣಗಲು ಇಟ್ಟಳು. ಪಕ್ಕದ ಮನೆಯ ನಾಯಿ ಬಂತು, ದೂರದಿಂದಲೇ ಮೂಸಿತು, ಹೋಯಿತು. ಅಷ್ಟರಲ್ಲಿ ಹಲೀಮಮ್ಮ ಬಾಗಿಲಿಗೆ ಬಂದರು. ನಾಯಿಯ ಬಾಲ ಕಂಡಿತು; ನನ್ನ ಅಂಚಿನಲ್ಲಿ ಒಂದು ಹನಿಯೂ ಕಂಡಿತು.

“ನೆಕ್ಕಿದೆ! ನಿಂಗೆ ಎಂತ ಕಣ್ಣಿಲ್ವಾ ಮಾರಾಯ್ತಿ?”

“ಅದು ತೊಳೆದ ನೀರು, ಮಾಮಿ.”

“ನೀ ನೋಡಿದ್ದಾ?”

ರಂಸೀನಾ ನೋಡಿರಲಿಲ್ಲ. ಅಂದಿನಿಂದ ಹಲೀಮಮ್ಮ ಸೊಸೆಯ ಕೈಯಡುಗೆ ಬಿಟ್ಟರು. ಬರೀ ಅವಲಕ್ಕಿ, ಬಾಳೆಹಣ್ಣು. ಅವರ ಮೈ ಇಳಿಯತೊಡಗಿತು.

ಧರ್ಮದ ಕಟ್ಟಳೆಯಂತೆ, ನಾಯಿಯ ಎಂಜಲು ತಗಲಿದ ಪಾತ್ರೆಯನ್ನು ಏಳು ಸಲ ತೊಳೆಯಬೇಕು, ಅದರಲ್ಲೊಂದು ಸಲ ಮಣ್ಣು ಕಲಸಿದ ನೀರಿನಿಂದ. ಅಷ್ಟೇ. ಆದರೆ ಹಲೀಮಮ್ಮನಿಗೆ ಐದಾಯಿತೋ ಆರಾಯಿತೋ ಎಂದು ಸಂಶಯ ಬರುವುದು. ಮತ್ತೆ ಒಂದರಿಂದ ಶುರು. ದಿನಾ ಹೀಗೇ. ನನ್ನ ಮೈಗೆ ಗೀರು ಬಿತ್ತು, ಅವರ ಬೆರಳ ಸಂದು ಒಡೆಯಿತು. ಕೊನೆಗೆ ನನಗೂ ಆ ರೋಗ ಹತ್ತಿತು: ಒಂದು ಹನಿ ಜೊಲ್ಲು ಸಿಡಿದಿತ್ತೇ?

ಮನೆಯವರು ಮಸೀದಿಯ ಉಸ್ತಾದರನ್ನು ಕರೆಸಿದರು.

“ನೆಕ್ಕಿದ್ದು ಕಂಡದ್ದುಂಟಾ?”

“ಇಲ್ಲ.”

“ಹಾಗಾದ್ರೆ ಬೋಗುಣಿ ಶುದ್ಧವೇ. ಬರೀ ಸಂಶಯದಿಂದ ಪಾತ್ರೆ ಕೆಡುವುದಿಲ್ಲ.”

ಅವರು ಗೇಟು ದಾಟಿದ್ದೇ ತಡ, “ಗಡಿಬಿಡಿಯಲ್ಲಿದ್ರು, ಪೂರ್ತಿ ಕೇಳಿಸ್ಕೊಳ್ಳಲಿಲ್ಲ ಕಾಣ್ತದೆ” ಎಂದು ಹಲೀಮಮ್ಮ ನನ್ನನ್ನು ಮತ್ತೆ ನಲ್ಲಿಗೆ ಒಯ್ದರು.

ರಂಸೀನಾ ವಾದಿಸಲಿಲ್ಲ. ಪಕ್ಕದಲ್ಲೇ ಕುಕ್ಕರಗಾಲಲ್ಲಿ ಕೂತಳು. “ತೊಳೀರಿ. ನಾನು ಎಣಿಸ್ತೇನೆ. ಒಂದು...”

ಮಣ್ಣಿನದೂ ಮುಗಿಯಿತು. “ಆರು.”

“ಐದಲ್ವಾ?”

“ಆರು, ಮಾಮಿ. ನಾಳೆ ಅಲ್ಲಾಹು ಕೇಳಿದ್ರೆ ನನ್ನನ್ನೇ ಕೇಳಲಿ.”

ಹಲೀಮಮ್ಮ ಸೊಸೆಯ ಮುಖವನ್ನು ದಿಟ್ಟಿಸಿದರು. ಸುಳ್ಳು ಹುಡುಕಿದರು. ಸಿಗಲಿಲ್ಲವೇನೋ, ನನ್ನ ಮೇಲೆ ಇನ್ನೊಮ್ಮೆ ನೀರು ಹೊಯ್ದರು.

“ಏಳು,” ಎಂದು ರಂಸೀನಾ ನಲ್ಲಿ ನಿಲ್ಲಿಸಿದಳು.

ಅಂದು ನನ್ನಲ್ಲಿ ಹಿಟ್ಟು ಕಲಸಿದಳು. ಹಲೀಮಮ್ಮ ಪತ್ತಿರಿಯ ಎರಡೂ ಮಗ್ಗುಲು ನೋಡಿ, ಚೂರು ಮುರಿದು ಬಾಯಿಗಿಟ್ಟರು.

“ಉಪ್ಪು ಹಾಕಿದ್ಯಾ?”

“ಹಾಕಿದ್ದೇನೆ.”

“ನಂಗ್ಯಾಕೋ ಡೌಟು,” ಎಂದು ಇನ್ನೊಂದಕ್ಕೆ ಕೈ ಚಾಚಿದರು.

ಈಗ ನನ್ನ ತಳ ಸವೆದಿದೆ. ಅಡುಗೆಮನೆಯ ಮೂಲೆಯಲ್ಲಿ ಈರುಳ್ಳಿ ತುಂಬಿಕೊಂಡು ಕೂತಿದ್ದೇನೆ. ಬಂದ ನೆಂಟರು ನನ್ನ ಗೀರುಗಳನ್ನು ಕಂಡು, ಎಷ್ಟು ಕೊಳಕಾಗಿದ್ದ ಪಾತ್ರೆಯೋ ಅಂದುಕೊಳ್ಳುತ್ತಾರೆ. ಕೊಳೆಯಿಂದಾದ ಗೀರು ನನ್ನ ಮೈಮೇಲೆ ಒಂದೂ ಇಲ್ಲ.