ತಳ ಮುಟ್ಟುವವರೆಗೆ

ಹುರಿ ಇನ್ನೂ ಇಳಿಯುತ್ತಲೇ ಇತ್ತು. ಆಂಜಿನಮ್ಮನ ಎಡಗೈಯಲ್ಲಿದ್ದ ಸುರುಳಿ ಒಂದೊಂದೇ ಮೊಳ ಬಿಚ್ಚಿಕೊಂಡು ನೀರಿಗೆ ಹೋಗುತ್ತಿತ್ತು. ನಾಲ್ಕು ಮೊಳ, ಐದು ಮೊಳ. ಇನ್ನೊಂದು ಮೊಳ ಬಿಟ್ಟಿದ್ದರೆ ತಳ. ಕೈ ತಾನಾಗಿಯೇ ಹುರಿಯನ್ನು ಬಿಗಿದು ಸರಸರನೆ ಎಳೆದುಬಿಟ್ಟಿತು. ಗಾಳ ದಡದ ಬಂಡೆಯ ಮೇಲೆ ಟಣ್ಣೆಂದು ಬಿತ್ತು. ಸೀಸದ ಗುಂಡು ಹಾಗೇ ಇತ್ತು, ಅದರ ಹಿಂದೆ ಕಟ್ಟಿದ್ದ ಹುಂಜದ ಕೆಂಪು ಗರಿಯೂ ಹಾಗೇ ಇತ್ತು. ಅವಳು ಅದನ್ನು ಸೆರಗಿನಲ್ಲಿ ಒರೆಸಿ, ಮೊನೆ ಮುಟ್ಟಿ ನೋಡಿ, ಹಿಡಿದಿದ್ದ ಉಸಿರು ಬಿಟ್ಟಳು.

ಕಟ್ಟೆಯ ಮೇಲೆ ಕೂತು ಬೀಡಿ ಸೇದುತ್ತಿದ್ದ ನೀರುಗಂಟಿ ಸೊಣ್ಣಪ್ಪ ಎಲ್ಲವನ್ನೂ ನೋಡುತ್ತಿದ್ದ. ತೂಬು ತೆಗೆದು ಗದ್ದೆಗೆ ನೀರು ಬಿಡುವುದು ಅವನ ಕೆಲಸ. ಅದು ಮುಗಿದ ಮೇಲೆ ಊರಿನವರ ಕಾಲೆಳೆಯುವುದು.

"ಏನಮ್ಮಾ ಆಂಜಿನಮ್ಮ, ಮೂರು ದಿನದಿಂದ ನೋಡ್ತಾ ಇದೀನಿ. ಮೀನು ಹಿಡಿಯೋಕೆ ಬಂದಿದೀಯೋ, ಗಾಳಕ್ಕೆ ಸ್ನಾನ ಮಾಡ್ಸೋಕೆ ಬಂದಿದೀಯೋ?"

"ಎರಡೂ ಆಗ್ಲಿ ಬಿಡು ಮಾವ," ಎಂದಳು ಆಂಜಿನಮ್ಮ. ನಗೆ ಬರಲಿಲ್ಲ.

ಬೇರೆ ಯಾವ ಗಾಳವಾಗಿದ್ದರೂ ಅವಳು ಹೀಗೆ ಹೆದರುತ್ತಿರಲಿಲ್ಲ. ಇದು ಕದಿರಪ್ಪನ ಗಾಳ. ಮದುವೆಗೆ ಮುಂಚೆ ಅವಳ ಗಂಡ ಕೋಲಾರದ ಚಿನ್ನದ ಗಣಿಯಲ್ಲಿ ಒಬ್ಬ ದೊರೆಯ ಬಂಗಲೆ ತೋಟಕ್ಕೆ ನೀರು ಹಾಕಿಕೊಂಡಿದ್ದ. ಭಾನುವಾರ ಬಂದರೆ ದೊರೆಗೆ ಮೀನಿನ ಹುಚ್ಚು. ಅವನ ಹಿಂದೆ ಬುಟ್ಟಿ ಹೊತ್ತು ತಿರುಗಿದ ಕದಿರಪ್ಪ ಈ ವಿದ್ಯೆಯನ್ನು ಕಲಿತು ಬಂದಿದ್ದ. ಎರೆಹುಳ ಬೇಡ, ಕಪ್ಪೆ ಬೇಡ. ಗಾಳದ ಕುತ್ತಿಗೆಗೆ ಸೀಸ ಕರಗಿಸಿ ಹುಯ್ಯುವುದು, ಬಾಲಕ್ಕೆ ಗರಿ ಕಟ್ಟುವುದು, ತಳಕ್ಕೆ ಬಿಟ್ಟು ಕುಣಿಸುವುದು. ಊರವರು ನಕ್ಕರು. ಆದರೆ ಅವನು ಹೋದ ಯಾವ ದಿನವೂ ಬರಿಗೈಯಲ್ಲಿ ಬಂದದ್ದಿಲ್ಲ.

ಅವನು ದಂಡಿಗೆ ಸೇರಿ ಹಡಗು ಹತ್ತಿ ಮೂರು ವರ್ಷವಾಗಿತ್ತು. ಸಿಂಗಾಪುರ ಬಿದ್ದ ಮೇಲೆ ಒಂದು ಕಾಗದ ಬಂತು. ಗೌನಿಪಲ್ಲಿಯ ಮೇಷ್ಟರ ಹತ್ತಿರ ಓದಿಸಿದರೆ, 'ಪತ್ತೆಯಿಲ್ಲ' ಎಂದಷ್ಟೇ ಇತ್ತು. ಸತ್ತನೆಂದೂ ಇಲ್ಲ, ಇದ್ದಾನೆಂದೂ ಇಲ್ಲ. ಅವತ್ತಿನಿಂದ ಅವನ ತಾಯಿ ಮುನಿಯಲ್ಲಮ್ಮ ಈ ಗಾಳವನ್ನು ಒಂದು ಹಳದಿ ಬಟ್ಟೆಯಲ್ಲಿ ಸುತ್ತಿ ದೀಪದ ಗೂಡಿನಲ್ಲಿ ಇಟ್ಟುಬಿಟ್ಟಳು. ದಿನವೂ ದೀಪ ಹಚ್ಚುವ ಹೊತ್ತಿಗೆ ಅದನ್ನು ಕೈಗೆ ಕೊಡಬೇಕು. ಕಣ್ಣಿಗೊತ್ತಿಕೊಂಡು ವಾಪಸ್ಸು ಕೊಡುತ್ತಾಳೆ. "ಇದು ಮನೇಲಿರೋವರ್ಗೂ ನನ್ನ ಮಗಂಗೆ ಏನೂ ಆಗಲ್ಲ ಕಣೇ," ಎನ್ನುತ್ತಾಳೆ. ಇಂಥ ನಂಬಿಕೆಗೆ ಎದುರಾಡುವ ಧೈರ್ಯ ಯಾವ ಸೊಸೆಗಿದ್ದೀತು?

ಅದೇ ಮುನಿಯಲ್ಲಮ್ಮ ಈಗ ಹಾಸಿಗೆ ಹಿಡಿದಿದ್ದಳು. ಜ್ವರ ಇಪ್ಪತ್ತೊಂದು ದಿನ ಸುಟ್ಟು ಬಿಟ್ಟಿತ್ತು. ಆದರೆ ಜ್ವರ ಬಿಟ್ಟ ಮೇಲೆ ನಾಲಿಗೆ ಸತ್ತುಹೋಯಿತು. ರಾಗಿ ಗಂಜಿ ಕೊಟ್ಟರೆ ವಾಂತಿ, ಮಜ್ಜಿಗೆ ಕೊಟ್ಟರೆ ವಾಂತಿ. ನಾಟಿ ವೈದ್ಯ ಆವಲಪ್ಪ ಬಂದು ನಾಡಿ ಹಿಡಿದು, ಹೊರಗೆ ಬಂದ ಮೇಲೆ ದನಿ ತಗ್ಗಿಸಿ ಹೇಳಿದ್ದ: "ಔಷಧ ನನ್ನ ಹತ್ರ ಇಲ್ಲಮ್ಮ. ಕೋಳಿ ಉಷ್ಣ, ಕೊಡಬೇಡ. ಒಂದು ಕೊರಮೀನು ತಂದು ತಿಳಿಯಾಗಿ ಸಾರು ಮಾಡಿ ಕುಡಿಸು. ಅದು ನಿಂತ್ರೆ ಮುದುಕಿ ನಿಂತ್ಲು. ಇಲ್ದಿದ್ರೆ ವಾರ, ಹತ್ತು ದಿನ."

ಕೊರಮೀನು ಎಲ್ಲಿಂದ ತರುವುದು? ಧನುರ್ಮಾಸ, ಕೆರೆ ತುಂಬಿತ್ತು. ನೀರು ಇಳಿಯುವ ಬೇಸಿಗೆಗೆ ಮುಂಚೆ ಬಲೆ ಹಾಕುವವರಿಲ್ಲ. ಹೋದ ವಾರ ನಾಲ್ಕು ದಿನ ಅವಳು ಸೊಣ್ಣಪ್ಪನ ಗಾಳಕ್ಕೇ ಕಪ್ಪೆ ಕಟ್ಟಿ ನೋಡಿದ್ದಳು. ಚಳಿಗೆ ಮೀನು ತಳ ಹಿಡಿದು ಮಲಗಿತ್ತು. ಮೇಲೆ ಈಜುವ ಕಪ್ಪೆಯನ್ನು ತಿರುಗಿಯೂ ನೋಡಲಿಲ್ಲ. ಯುದ್ಧ ಶುರುವಾದ ಮೇಲೆ ಸಂತೆಯಲ್ಲಿ ಹೊಸ ಗಾಳ ಹಾಗಿರಲಿ, ಹೊಲಿಯುವ ಸೂಜಿಗೂ ಬರ ಬಂದಿತ್ತು. ಸೀಸ ಹುಯ್ಯುವ ವಿದ್ಯೆಯನ್ನು ಅವಳು ಕಲಿತಿರಲಿಲ್ಲ. ಉಳಿದದ್ದು ಗೂಡಿನಲ್ಲಿದ್ದದ್ದು ಒಂದೇ. ಮಧ್ಯಾಹ್ನ ಅತ್ತೆಗೆ ಮಂಪರು ಹತ್ತಿದ ಮೇಲೆ ಕದ್ದು ತರುವುದು, ದೀಪದ ಹೊತ್ತಿಗೆ ಮುಂಚೆ ಕದ್ದು ಇಡುವುದು. ಹೀಗೆ ಎರಡು ದಿನ ಕಳೆದಿತ್ತು.

ಮೀನು ಎಲ್ಲಿದೆ ಎಂಬುದು ಗೊತ್ತಿಲ್ಲದ್ದಲ್ಲ. ಬಂಡೆಯಿಂದ ನಾಲ್ಕು ಮಾರು ಆಚೆ, ಮುಳುಗಿದ್ದ ಮೂರು ಜಾಲಿ ಮರಗಳ ನಡುವೆ ಅದು ಆಗಾಗ ಉಸಿರಿಗೆ ಮೇಲೆ ಬಂದು, ಬುಳಕ್ಕೆಂದು ಮುಳುಗುತ್ತಿತ್ತು. ಅಲ್ಲಿ ತಳವೆಲ್ಲ ಬೇರು, ಮುಳ್ಳು. ಗಾಳ ಅಲ್ಲಿ ಇಳಿದರೆ ಸಿಕ್ಕಿಕೊಳ್ಳುತ್ತದೆ. ಇಳಿಯದಿದ್ದರೆ ಮೀನಿಲ್ಲ. ಅತ್ತ ದರಿ, ಇತ್ತ ಪುಲಿ.

"ಇಕಾ, ಇನ್ನೊಂದ್ಸಲ ಕಪ್ಪೆ ಕೊಡ್ತೀನಿ, ನನ್ನ ಗಾಳಾನೂ ಕೊಡ್ತೀನಿ," ಎಂದ ಸೊಣ್ಣಪ್ಪ. ಈಗ ದನಿಯಲ್ಲಿ ಕುಚೋದ್ಯ ಇರಲಿಲ್ಲ. "ಮೇಲ್ಮೇಲೇ ಆಡುತ್ತೆ, ಎಲ್ಲೂ ಸಿಕ್ಕಾಕೊಳಲ್ಲ. ಸೀಸ ತಿನ್ನೋಕೆ ಮೀನಿಗೇನು ತಲೆ ಕೆಟ್ಟಿದೆಯಾ?"

ಆಂಜಿನಮ್ಮ ಕೈ ಚಾಚಿದಳು. ಚಾಚಿದ ಕೈಯನ್ನು ಅರ್ಧದಲ್ಲೇ ಹಿಂದಕ್ಕೆ ತೆಗೆದುಕೊಂಡಳು. ಮಧ್ಯಾಹ್ನ ಅತ್ತೆಯನ್ನು ಎತ್ತಿ ಕೂರಿಸಿದಾಗ ಮುದುಕಿಯ ಮಣಿಕಟ್ಟಿನ ಬಳೆ ಮೊಳಕೈವರೆಗೂ ಜಾರಿಹೋಗಿತ್ತು. ಗಾಳ ಉಳಿದು ಅತ್ತೆ ಹೋದರೆ, ಸಂಜೆ ಹೊತ್ತು ಅದನ್ನು ಕಣ್ಣಿಗೊತ್ತಿಕೊಳ್ಳುವವರು ಯಾರು?

"ಬೇಡ ಮಾವ. ಕಪ್ಪೆ ಕಣ್ಣೆದುರಿಗಿದ್ರೆ ಹೆದರಿ ಮತ್ತೆ ಅದನ್ನೇ ಹಾಕ್ತೀನಿ. ಆಚೆ ಬಿಟ್ಬಿಡು ಅದನ್ನ."

ಸೊಣ್ಣಪ್ಪ ಮಡಕೆಯಲ್ಲಿದ್ದ ಕಪ್ಪೆಗಳನ್ನು ಹುಲ್ಲಿಗೆ ಸುರಿದುಬಿಟ್ಟ.

ಅವಳು ಬಂಡೆಯ ತುದಿಗೆ ಹೋಗಿ ನಿಂತಳು. ಮದುವೆಯಾದ ವರ್ಷ ಕದಿರಪ್ಪ ಇದೇ ಬಂಡೆಯ ಮೇಲೆ ಅವಳ ತೋರುಬೆರಳಿಗೆ ಹುರಿ ಸಿಕ್ಕಿಸಿ ಹೇಳಿದ್ದ: "ತಳ ಮುಟ್ಟೋವರ್ಗೂ ಬಿಡು. ಮುಟ್ಟಿದ ಮೇಲೂ ಸುಮ್ನಿರು. ಅದಕ್ಕೆ ಹಸಿವಿಲ್ದಿದ್ರೂ ಹೊಟ್ಟೆಕಿಚ್ಚಿರುತ್ತೆ, ಮನೆಗೆ ಬಂದೋನು ಯಾವನು ಅಂತ ಬಾಯಿ ಹಾಕುತ್ತೆ." ಆಗ ಅವಳು ನಕ್ಕು ನೀರು ಎರಚಿದ್ದಳು. ಒಂದಿಷ್ಟು ಗಮನ ಕೊಟ್ಟು ಕೇಳಬಾರದಿತ್ತೇ ಎಂದು ಈಗ ಅನ್ನಿಸಿತು.

ಬೀಸಿದಳು. ಗಾಳ ಜಾಲಿ ಕೊಂಬೆಗಳ ನಡುವೆ ಬಿತ್ತು. ಮೂರು ಮೊಳ, ನಾಲ್ಕು, ಐದು. ಎಡಗೈ ಬಿಗಿಯಲು ಹೊರಟಿತು. ಅವಳು ಆ ಕೈಯ ಬೆರಳನ್ನು ಹಲ್ಲಿನಲ್ಲಿ ಕಚ್ಚಿ ಹಿಡಿದಳು. ಆರು. ಹುರಿ ಸಡಿಲವಾಯಿತು. ಗಾಳ ತಳದಲ್ಲಿತ್ತು, ಅವಳಿಗೆ ಕಾಣದ ಜಾಗದಲ್ಲಿ ಕೆಸರಿನ ಮೇಲೆ ಕೂತಿತ್ತು. ಸುಮ್ಮನಿದ್ದಳು. ಬಿಸಿಲು ಹಳದಿಯಾಗುತ್ತಿತ್ತು, ದನಗಳು ಕಟ್ಟೆ ಹತ್ತುತ್ತಿದ್ದವು. ತೋರುಬೆರಳನ್ನು ಒಂದು ಗೇಣು ಎತ್ತಿದಳು, ಇಳಿಸಿದಳು. ಮತ್ತೆ ಸುಮ್ಮನಾದಳು. ಎತ್ತಿದಾಗೊಮ್ಮೆ ಹುರಿ ಬೇರಿನ ಮೇಲೆ ಉಜ್ಜಿದ್ದು ಬೆರಳಿಗೆ ತಿಳಿಯಿತು. ಆದರೂ ಎಳೆಯಲಿಲ್ಲ. ಇದು ಬೇರು, ಇದು ಕಲ್ಲು, ಇದು ಕೆಸರು ಎಂದು ಬೆರಳು ಒಂದೊಂದಾಗಿ ಹೇಳತೊಡಗಿತು.

ಆಮೇಲೆ ಬೇರಲ್ಲದ್ದು, ಕಲ್ಲಲ್ಲದ್ದು ಒಂದು ಬಂತು. ಬಾಗಿಲಿಗೆ ಯಾರೋ ಒಮ್ಮೆ ಬೆರಳಿನಿಂದ ತಟ್ಟಿದಷ್ಟು.

ಅವಳು ಎರಡೂ ಕೈಯಲ್ಲಿ ಎಳೆದಳು. ನೀರು ಒಡೆದು ಕರಿಬೆನ್ನು ಒಂದು ಸಲ ಹೊರಳಿತು. ಹುರಿ ಅಂಗೈ ಕೊಯ್ದುಕೊಂಡು ಓಡಿ, ಜಾಲಿ ಬುಡ ಸುತ್ತಿ, ಗಕ್ಕನೆ ನಿಂತಿತು. ಎಳೆದರೆ ಬರಲಿಲ್ಲ. ಆಂಜಿನಮ್ಮ ಸೀರೆ ಎತ್ತಿ ಕಟ್ಟಿ ನೀರಿಗಿಳಿದಳು.

"ಬೇಡಮ್ಮ, ಈಜು ಬರಲ್ಲ ನಿಂಗೆ," ಎಂದು ಸೊಣ್ಣಪ್ಪ ಕಟ್ಟೆಯಿಂದ ಇಳಿದು ಬರುವಷ್ಟರಲ್ಲಿ ನೀರು ಅವಳ ಗದ್ದ ಮುಟ್ಟಿತ್ತು. ಹುರಿ ಹಿಡಿದುಕೊಂಡೇ ಹೋದಳು, ಉಸಿರು ಬಿಗಿದು ಮುಳುಗಿದಳು. ಕೈಗೆ ಬೇರು ಸಿಕ್ಕಿತು, ಬೇರಿನ ಸಂದಿಯಲ್ಲಿ ಮೀನಿನ ತಲೆ ಸಿಕ್ಕಿತು. ಕಿವಿರಿನೊಳಗೆ ಬೆರಳು ತೂರಿಸಿದಳು. ಇನ್ನೊಂದು ಕೈಯಿಂದ ತಡಕಿದರೆ, ಗಾಳ ಮೀನಿನ ತುಟಿಯನ್ನು ಹಾದು ಬೇರಿಗೆ ಕಚ್ಚಿತ್ತು. ಅದನ್ನು ಬಿಡಿಸಲು ಎರಡು ಕೈ ಬೇಕು. ಮೀನನ್ನು ಹಿಡಿಯಲೂ ಎರಡು ಕೈ ಬೇಕು. ಎದೆ ಒಡೆಯುವ ಹಾಗಾಗಿತ್ತು.

ಅವಳು ಮೀನನ್ನು ಎರಡೂ ಕೈಯಲ್ಲಿ ತಬ್ಬಿ ಎಳೆದಳು. ತುಟಿ ಹರಿಯಿತು, ಬೇರಿಗೆ ಉಜ್ಜಿ ಸವೆದಿದ್ದ ಹುರಿ ಕಾಲಿಗೆ ಸಿಕ್ಕಿ ಕಿತ್ತುಹೋಯಿತು; ಗಾಳ ತಳದಲ್ಲೇ ಉಳಿಯಿತು. ಸೊಣ್ಣಪ್ಪ ಜುಟ್ಟು ಹಿಡಿದು ದಡಕ್ಕೆ ತಂದಾಗಲೂ ಅವಳು ಅಪ್ಪಿದ್ದನ್ನು ಬಿಟ್ಟಿರಲಿಲ್ಲ. ಎರಡು ಸೇರು ತೂಗುವ ಮೀನು. ಅದನ್ನು ಬುಟ್ಟಿಗೆ ಹಾಕಿ ಮತ್ತೆ ಇಳಿದಳು. ಮೂರು ಸಲ ಮುಳುಗಿದಳು. ಮೂರು ಸಲವೂ ಕೈಗೆ ಬಂದದ್ದು ಕೆಸರು.

"ಹೊತ್ತಾಯ್ತು, ನಡಿಯಮ್ಮ," ಎಂದ ಸೊಣ್ಣಪ್ಪ. "ಚೈತ್ರಕ್ಕೆ ನೀರು ಇಳಿಯುತ್ತೆ. ನಾನೇ ಹುಡುಕಿ ಕೊಡ್ತೀನಿ."

ಮನೆಗೆ ಬಂದು ಒದ್ದೆ ಸೀರೆಯಲ್ಲೇ ಮೀನು ತೊಳೆದು, ಜೀರಿಗೆ ಮೆಣಸು ಕುಟ್ಟಿ ಸಾರಿಗಿಟ್ಟಳು. ಸಾರು ಕುದ್ದು ಇಳಿಸುವಷ್ಟರಲ್ಲಿ ಕತ್ತಲಾಯಿತು. ದೀಪ ಹಚ್ಚಿದಳು. ಕಂಬಳಿಯೊಳಗಿನಿಂದ ಮುನಿಯಲ್ಲಮ್ಮನ ಕೈ ಮುಂದಕ್ಕೆ ಬಂತು, ದಿನದ ಹಾಗೆ ಅಂಗೈ ಮೇಲೆ ಮಾಡಿಕೊಂಡು.

"ಕೊಡೇ."

ಆಂಜಿನಮ್ಮ ಸಾರಿನ ಬಟ್ಟಲು ಹಿಡಿದು ಪಕ್ಕದಲ್ಲಿ ಕೂತಳು. "ಮೊದ್ಲು ಇದು ಕುಡೀರಿ ಅತ್ತೆ."

"ಅದು ಕೊಡು, ಆಮೇಲೆ ಕುಡೀತೀನಿ."

ಸುಳ್ಳು ಹೇಳಬಹುದಿತ್ತು. ದಾರಿಯುದ್ದಕ್ಕೂ ನಾಲ್ಕೈದು ಸುಳ್ಳು ಹೊಂದಿಸಿಕೊಂಡೇ ಬಂದಿದ್ದಳು. ಆ ಚಾಚಿದ ಕೈ ನೋಡಿ ಒಂದೂ ಬಾಯಿಗೆ ಬರಲಿಲ್ಲ.

"ಇಲ್ಲ ಅತ್ತೆ. ಕೆರೇಲಿ ಹೋಯ್ತು. ಕದ್ದು ತಗೊಂಡೋಗಿದ್ದೆ, ನಿಮಗೆ ಮೀನು ತರೋಕೆ. ಮೀನು ಬಂತು, ಅದು ಬರ್ಲಿಲ್ಲ."

ಚಾಚಿದ ಕೈ ಹಾಗೇ ಇತ್ತು. ನಿಧಾನವಾಗಿ ಮುಚ್ಚಿಕೊಂಡು ಕಂಬಳಿಯೊಳಗೆ ಹೋಯಿತು. ಮುನಿಯಲ್ಲಮ್ಮ ಗೋಡೆಯ ಕಡೆಗೆ ತಿರುಗಿದಳು. ಬಾಯಿಗೆ ಬಂದದ್ದು ಬೈದಿದ್ದರೆ ಆಂಜಿನಮ್ಮನಿಗೆ ಹಗುರಾಗುತ್ತಿತ್ತು; ಅಷ್ಟೂ ಮಾಡಲಿಲ್ಲ. ಸಾರಿನ ಮೇಲೆ ಹೊಗೆಯಾಡುವುದು ನಿಂತಿತು. ಅಂತೂ ತನ್ನ ಕೈಯಾರೆ ಗಂಡ, ಅತ್ತೆ ಇಬ್ಬರನ್ನೂ ಕಳೆದೆನಲ್ಲ ಎಂದುಕೊಂಡು ಅವಳು ಅಲ್ಲೇ ಕೂತಿದ್ದಳು. ಎದ್ದು ಹೋಗಲು ಧೈರ್ಯವಿರಲಿಲ್ಲ.

"ಚೈತ್ರಕ್ಕೆ ನೀರು ಇಳಿದ ಮೇಲೆ ಹುಡುಕಬೋದು ಅಂದ ಸೊಣ್ಣಪ್ಪ ಮಾವ," ಎಂದಳು ಕೊನೆಗೆ.

ಮುನಿಯಲ್ಲಮ್ಮ ಗೋಡೆಯ ಕಡೆ ನೋಡಿಕೊಂಡೇ ಕೇಳಿದಳು.

"ಎಲ್ಲಿ ಬಿಟ್ಟಿದ್ದೆ?"

"ಜಾಲಿ ಮರದ ಬುಡದಲ್ಲಿ."

"ತಳಕ್ಕಾ?"

"ತಳಕ್ಕೇ ಅತ್ತೆ. ಎರಡು ದಿನ ಹೆದರ್ಕೊಂಡು ಎಳ್ಕೊಂಡೆ. ಇವತ್ತು ಬಿಟ್ಟೆ."

"ಮೀನು ಮುಟ್ಟಿದ್ದು ಹೆಂಗೆ ಗೊತ್ತಾಯ್ತು?"

"ಬೆರಳಿಗೆ ಗೊತ್ತಾಯ್ತು. ಸಣ್ಣಗೆ ತಟ್ಟಿದಂಗೆ."

"ಹಂಗೇ ಹೇಳ್ತಿದ್ದ," ಎಂದಳು ಮುನಿಯಲ್ಲಮ್ಮ.

ಆಂಜಿನಮ್ಮ ಬಟ್ಟಲನ್ನು ಗಟ್ಟಿಯಾಗಿ ಹಿಡಿದುಕೊಂಡಳು. ಈ ಮೂರು ವರ್ಷದಲ್ಲಿ ಅತ್ತೆ ಮಗನ ಮಾತೆತ್ತಿದಾಗಲೆಲ್ಲ ಹೇಳ್ತಾನೆ, ಬರ್ತಾನೆ, ತಿಂತಾನೆ ಎಂದೇ ಹೇಳುತ್ತಿದ್ದವಳು, 'ಹೇಳ್ತಿದ್ದ' ಎಂದದ್ದು ಇದೇ ಮೊದಲು. ಆಡಿದ ಮಾತು ಅವಳ ಕಿವಿಗೂ ಬಿದ್ದಿರಬೇಕು. ಕಂಬಳಿ ಒಮ್ಮೆ ನಡುಗಿತು, ಆಮೇಲೆ ನಿಂತಿತು.

"ಚೈತ್ರಕ್ಕೆ ಯಾರು ಕಾಯ್ತಾರೆ, ಬಿಡು," ಎಂದು ಮುದುಕಿ ಮಗ್ಗುಲು ಬದಲಿಸಿದಳು. "ಎಬ್ಬಿಸು ನನ್ನ. ಸಾರು ಆರೋಯ್ತು, ಬಿಸಿ ಮಾಡು."

ಅರ್ಧ ಬಟ್ಟಲು ಕುಡಿದಳು. ಆಂಜಿನಮ್ಮ ಅವಳ ಬೆನ್ನಿಗೆ ಆಸರೆಯಾಗಿ ಕೂತು ಕಾದಳು. ಕುಡಿದದ್ದು ಹೊಟ್ಟೆಯಲ್ಲಿ ನಿಂತಿತು.

ಉಪ್ಪು ಹಚ್ಚಿಟ್ಟಿದ್ದ ಮೀನು ಐದನೆಯ ದಿನಕ್ಕೆ ಮುಗಿದಿತ್ತು. ಬೆಳಗ್ಗೆ ಆಂಜಿನಮ್ಮ ಕಸ ಗುಡಿಸಿ ಒಳಗೆ ಬಂದರೆ, ಮುನಿಯಲ್ಲಮ್ಮ ಗೋಡೆ ಹಿಡಿದುಕೊಂಡು ಬಂದು ಒಲೆಯ ಮುಂದೆ ಕೂತಿದ್ದಳು. ಪಕ್ಕದಲ್ಲಿ ಗೋಣಿಚೀಲ ಹೊಲಿಯುವ ದಬ್ಬಳ, ಇಕ್ಕುಳ, ಕದಿರಪ್ಪ ಗಾಳಕ್ಕೆ ಹುಯ್ದು ಮಿಕ್ಕಿದ್ದ ಸೀಸದ ಚೂರು.

"ಒಂದು ಮೀನು ಎಷ್ಟು ದಿನ ಬರುತ್ತೆ?" ಎಂದಳು. "ಕೂತ್ಕೋ. ಇದು ಕೆಂಪಗಾದ್ಮೇಲೆ ಗಾಳದಂಗೆ ಬಗ್ಗಿಸ್ಬೇಕು. ತಣ್ಣಗಿದ್ದಾಗ ಬಗ್ಗಿಸಿದ್ರೆ ಮುರಿಯುತ್ತೆ."

ಆಂಜಿನಮ್ಮ ದಬ್ಬಳವನ್ನು ಇಕ್ಕುಳದಲ್ಲಿ ಹಿಡಿದು ಕೆಂಡಕ್ಕೆ ಚಾಚಿದಳು. ಮುದುಕಿ ಊದುಗೊಳವೆ ತೆಗೆದುಕೊಂಡು ಊದಿದಳು. ಕೆಮ್ಮು ಬಂತು. ಸೊಸೆ ಕೈ ಚಾಚಿದರೂ ಕೊಡಲಿಲ್ಲ. ಸುಧಾರಿಸಿಕೊಂಡು ಮತ್ತೆ ಊದಿದಳು, ಕೆನ್ನೆ ತುಂಬಿಕೊಂಡು, ಮೊನೆ ಕೆಂಪೇರುವವರೆಗೂ.