ಅರ್ಥಮಂತ್ರಿಯ ಹುಬ್ಬು

ಹೊಸ ಅರ್ಥಮಂತ್ರಿಗಳಿಗೆ ಮುಖವೇ ಇರಲಿಲ್ಲ. ಕಣ್ಣು, ಮೂಗು, ಬಾಯಿ ಎಲ್ಲ ಇದ್ದವು. ಆದರೆ ವ್ಯಂಗ್ಯಚಿತ್ರಕಾರನ ಪೆನ್ನಿಗೆ ಸಿಕ್ಕುವಂಥದ್ದು ಒಂದೂ ಇರಲಿಲ್ಲ. ಸಿಪ್ಪೆ ಸುಲಿದ ಮೊಟ್ಟೆಗೆ ಕನ್ನಡಕ ತೊಡಿಸಿದ ಹಾಗೆ. ಬ್ಯಾಂಕುಗಳು ಒಂದೊಂದಾಗಿ ಬಾಗಿಲು ಹಾಕುತ್ತಿದ್ದಾಗ ಅವರು, ಹಾಸಿಗೆ ಇದ್ದಷ್ಟು ಕಾಲು ಚಾಚಿ ಎಂದು ಪ್ರಜೆಗಳಿಗೆ ಉಪದೇಶ ಮಾಡಿದ್ದರು. ಚಿತ್ರವೇನೋ ಅವನ ತಲೆಯಲ್ಲಿ ಸಿದ್ಧವಿತ್ತು: ಪ್ರಜೆ ಮಲಗಿದ್ದಾನೆ, ಮಂತ್ರಿಗಳು ಕಾಲಬದಿಯಿಂದ ಅವನ ಮಂಚವನ್ನೇ ಗರಗಸದಲ್ಲಿ ಕೊಯ್ಯುತ್ತಿದ್ದಾರೆ. ಮುಖ ಮಾತ್ರ ಬರಲೊಲ್ಲದು.

ಎದುರಿಗೆ ಅವನ ಮಾವ, ಹೆಂಡತಿಯ ಅಪ್ಪ, ಊಟಕ್ಕೆ ಕೂತಿದ್ದರು. ಮನೆಯ ಸೂರಿನಂತೆ ಮುಂದೆ ಚಾಚಿದ ಹುಬ್ಬು. ತಮಗಿಂತ ಮೊದಲೇ ಕೋಣೆಯೊಳಗೆ ಬರುವ ಗದ್ದ. ಪೆನ್ನು ತಾನಾಗಿಯೇ ಓಡಿತು.

ಮಾವ ಬಸ್ ಡಿಪೋ ಮ್ಯಾನೇಜರಾಗಿ ನಿವೃತ್ತರಾದವರು. ಮಗಳು ಒತ್ತಾಯ ಮಾಡಿ ಕರೆತಂದಿದ್ದಳು, ಇಲ್ಲೇ ಇರಲಿ ಎಂದು. ಅವರಿಗೋ ತಿಂಗಳು ತುಂಬಿದ ಕೂಡಲೇ ತಮ್ಮ ಬಾಡಿಗೆ ಕೋಣೆಗೆ ಮರಳುವ ಹಟ.

"ಅಲ್ಲಮ್ಮ, ಡಿಪೋದಲ್ಲಿ ದಿನಕ್ಕೆ ನೂರು ಜನ ನನ್ನ ಪ್ರಾಣ ತಿಂತಿದ್ರು. ಇಲ್ಲಿ ನನ್ನ ಯಾರೂ ಏನೂ ಕೇಳಲ್ಲ. ಮೂಲೆ ಸ್ಟೂಲಿಗೂ ನನಗೂ ಏನು ವ್ಯತ್ಯಾಸ?"

ಮರುದಿನ ಬೆಳಿಗ್ಗೆ ಮಗಳು ಪತ್ರಿಕೆ ಬಿಡಿಸಿದಳು.

"ರೀ, ಇದು ನಮ್ಮಪ್ಪ."

"ಅರ್ಥಮಂತ್ರಿ."

"ಗರಗಸ ಹಿಡ್ಕೊಂಡಿರೋ ನಮ್ಮಪ್ಪ. ನೋಡಿದ್ರೆ ಇವತ್ತೇ ಹೊರಡ್ತಾರೆ. ಹೋಗ್ಲಿ ಅಂತಾನೇ ಬರೆದ್ರಾ?"

ಪತ್ರಿಕೆಯನ್ನು ಅಕ್ಕಿ ಡಬ್ಬದ ಹಿಂದೆ ಅಡಗಿಸಿದ್ದಾಯಿತು. ಆದರೆ ಮಾವ ಆಗಲೇ ಸೋಪು ತರಲು ಹೋಗಿದ್ದರು, ಊರಿನ ಉಳಿದ ಪ್ರತಿಗಳೆಲ್ಲ ಬೀದಿಯಲ್ಲಿದ್ದವು. ಅಳಿಯ ಚಪ್ಪಲಿ ಮೆಟ್ಟಿ ಓಡಿದ.

ಅಂಗಡಿಯ ಮುಂದೆ ಉದ್ದನೆಯ ಸಾಲು. ಅಂಗಡಿಯವನು ಪತ್ರಿಕೆಯನ್ನು ಮಾವನ ಕೆನ್ನೆಯ ಪಕ್ಕ ಹಿಡಿದು ತಾಳೆ ನೋಡುತ್ತಿದ್ದ.

"ಸ್ವಾಮಿ, ಮಂಚ ಕೊಯ್ದಿದ್ದಾಯ್ತು. ಸಕ್ಕರೆ ಬೆಲೆ ಯಾವಾಗ ಇಳಿಸ್ತೀರಿ?"

ಮಾವ ಪತ್ರಿಕೆ ಇಸಿದುಕೊಂಡು ಬಹಳ ಹೊತ್ತು ನೋಡಿದರು. ಹುಬ್ಬು ಒಮ್ಮೆ ಮೇಲೇರಿ ಇಳಿಯಿತು. ಅಳಿಯ ದೀಪದ ಕಂಬದ ಹಿಂದೆ ಸರಿದ. ಆಮೇಲೆ ಡಿಪೋದ ಆ ಹಳೆಯ ಗಂಟಲು ಹೊರಟಿತು:

"ಹೊರಟಿದೆ. ದಾರೀಲಿದೆ."

ಸಾಲಿಗೆ ಸಾಲೇ ನಕ್ಕಿತು.

"ನನ್ನ ಮಗನಿಗೆ ಕೆಲಸ?" ಎಂದಳು ಚೀಲ ಹಿಡಿದ ಹೆಂಗಸು.

"ಟೈರ್ ಪಂಕ್ಚರ್ ಆಗಿದೆ ಕಣಮ್ಮ. ಬದಲಿ ಗಾಡಿ ಕಳಿಸಿದೀವಿ."

"ಬ್ಯಾಂಕಲ್ಲಿಟ್ಟ ನಮ್ಮ ದುಡ್ಡು?"

"ಅದು ನಮ್ಮ ಡಿಪೋಗೆ ಸೇರಲ್ಲ. ಪಕ್ಕದ ಕಿಟಕೀಲಿ ವಿಚಾರಿಸಿ."

ಮನೆಗೆ ಬಂದವರು, "ಗದ್ದ ಸ್ವಲ್ಪ ಸಣ್ಣದಾಯ್ತು, ಅಳಿಯಂದಿರೇ" ಎಂದಷ್ಟೇ ಹೇಳಿ ಕೈತೊಳೆಯಲು ಹೋದರು. ಸೋಪು ತರುವುದು ಮರೆತುಹೋಗಿತ್ತು. ಅದಕ್ಕಾಗಿ ಇನ್ನೊಮ್ಮೆ ಹೋದರು. ಅಂದಿನಿಂದ ಉಪ್ಪಿಗೊಂದು ಸಲ, ಬೆಂಕಿಪೊಟ್ಟಣಕ್ಕೊಂದು ಸಲ. ಚಿತ್ರಗಳಲ್ಲಿ ಗದ್ದ ಬೆಳೆಯಿತು, ದೇಶದ ಸಾಲದ ಹಾಗೆ. ತಿಂಗಳು ತುಂಬಿದ್ದನ್ನು ಅವರೂ ಎತ್ತಲಿಲ್ಲ, ಮಗಳೂ ನೆನಪಿಸಲಿಲ್ಲ.

ಅಷ್ಟರಲ್ಲಿ ಅರ್ಥಮಂತ್ರಿಗಳನ್ನು ತೆಗೆದುಹಾಕಿದರು. ರಾತ್ರಿ ಊಟದ ಹೊತ್ತಿಗೆ ಸಂಪಾದಕರ ಫೋನು.

"ಹೊಸಬರ ಮೂಗು ನೋಡಿದ್ಯೇನಯ್ಯಾ? ಅಂಥ ಮೂಗು ನಮ್ಮ ಜನ್ಮದಲ್ಲಿ ಮತ್ತೆ ಬರಲ್ಲ."

ಅಳಿಯ ನೋಡಿದ್ದ. ಮೂಗಲ್ಲ ಅದು, ವರಪ್ರಸಾದ. ಎರಡು ಗೆರೆ ಎಳೆದರೆ ಮಂತ್ರಿ ಸಿದ್ಧ. ಫೋನಿನ ಮಾತು ಕೇಳಿಸಿಕೊಂಡ ಮಾವ ಊಟದ ಮೇಜಿನಲ್ಲಿ ಅನ್ನದಲ್ಲಿ ಬೆರಳಾಡಿಸುತ್ತ, "ಹಾಗಾದ್ರೆ ನಾನು ನಾಳೆ ಹೊರಡ್ತೀನಮ್ಮ" ಎಂದರು. ಮಗಳು ಗಂಡನ ಮುಖ ನೋಡಿದಳು.

"ಸರ್, ಹೊಸಬರ ನೀತಿ ಏನಂತೆ?" ಎಂದು ಅಳಿಯ ಫೋನಿನಲ್ಲಿ ಕೇಳಿದ.

"ಹಳೇದೇ ಮುಂದುವರಿಸ್ತಾರಂತೆ."

"ನೀತಿ ಅದೇ ಅಂದ್ಮೇಲೆ ಮುಖ ಯಾಕೆ ಬದಲಾಯಿಸ್ಬೇಕು ಸರ್? ಇನ್ನು ಯಾರೇ ಬರ್ಲಿ, ನಮ್ಮ ಅರ್ಥಮಂತ್ರಿಗೆ ಇದೇ ಹುಬ್ಬು, ಇದೇ ಗದ್ದ."

ಆ ಕಡೆ ಸಂಪಾದಕರು ಕೆಮ್ಮು ಬರುವಷ್ಟು ನಕ್ಕರು.

"ಆ ಮೂಗು ಬಿಟ್ಬಿಡ್ತೀರಾ?" ಎಂದರು ಮಾವ, ಫೋನು ಇಟ್ಟ ಮೇಲೆ.

"ಬಿಟ್ಟೆ, ಮಾವ."

ಮಾವ ಒಂದು ತುತ್ತು ನಿಧಾನವಾಗಿ ಅಗಿದು ನುಂಗಿದರು.

"ನನ್ನ ಕೋಣೆಗೊಂದು ಕನ್ನಡಿ ಬೇಕು. ದೊಡ್ಡದು. ಎಷ್ಟು ದಿನ ಅಂತ ಅಂಗಡಿಯವನ ಗಾಜಲ್ಲಿ ಹುಬ್ಬು ತೀಡ್ಕೊಳ್ಳೋದು?"

ಮಗಳು ಆಗಲೇ ಎದ್ದು, ಎಂಜಲುಗೈಯಲ್ಲೇ, ಸುತ್ತಿಗೆ ಹುಡುಕುತ್ತಿದ್ದಳು.